ಕವಳದ ಕೆನ್ನೆ: ಕತ್ತಿ ತಾಗಿಸಬೇಕೇ, ಬಿಡಬೇಕೇ?

ಪ್ರಶ್ನೆ: ನನಗೆ 52 ವರ್ಷ. ಪೆರ್ಲದ ಸಮೀಪ ಅಡಿಕೆ ಕೃಷಿಕ. ಮಳೆಗಾಲದಲ್ಲಿ ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುತ್ತೇನೆ. ಇಪ್ಪತ್ತರ ಹರೆಯದಿಂದ ಕವಳದ ಅಭ್ಯಾಸ, ದಿನಕ್ಕೆ ಎಂಟೋ ಹತ್ತೋ ಆಗುತ್ತದೆ. ಹೊಗೆಸೊಪ್ಪನ್ನು ಐದು ವರ್ಷಗಳ ಹಿಂದೆಯೇ ಬಿಟ್ಟಿದ್ದೇನೆ. ಈಗ ಎಲೆ, ಸುಣ್ಣ, ನಮ್ಮದೇ ತೋಟದ ಅಡಿಕೆ ಮಾತ್ರ. ಕಳೆದ ತಿಂಗಳು ದವಡೆ ಹಲ್ಲು ಮುರಿದು ದಂತವೈದ್ಯರಲ್ಲಿಗೆ ಹೋದಾಗ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಪ್ರೀ ಕ್ಯಾನ್ಸರ್ ಇರಬಹುದು, ಬಯಾಪ್ಸಿ ಮಾಡಿಸಿ ಎಂದರು. ನನಗೆ ಅಲ್ಲಿ ನೋವೇ ಇಲ್ಲ. ಕತ್ತಿ ತಾಗಿದರೆ ಕ್ಯಾನ್ಸರ್ ಎದ್ದು ಹರಡುತ್ತದೆ, ಮುಟ್ಟಿಸಬೇಡ ಎಂದು ಸೋದರಮಾವ ಹೇಳುತ್ತಾರೆ. ಮಗಳು ಲೇಸರ್‌ನಲ್ಲಿ ಸುಡಿಸಿಬಿಡಿ ಎನ್ನುತ್ತಾಳೆ. ಏನು ಮಾಡಲಿ? ಹೊಗೆಸೊಪ್ಪಿಲ್ಲದ ಕವಳವನ್ನೂ ಬಿಡಬೇಕೇ? ಅಂದ ಹಾಗೆ, ಒಂದೆರಡು ವರ್ಷದಿಂದ ಖಾರ ತಿಂದರೆ ಬಾಯಿ ಉರಿಯುತ್ತದೆ, ಬಾಯಿ ತೆರೆಯುವಾಗ ಸ್ವಲ್ಪ ಬಿಗಿ. ಪಿತ್ತವೋ ವಾಯುವೋ ಇರಬೇಕು. (ಹೆಸರು ಪ್ರಕಟಿಸಬೇಡಿ.)

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಿಳಿ ಮಚ್ಚೆಯಲ್ಲ, 'ಅಂದ ಹಾಗೆ' ಎಂದು ಕೊನೆಗೆ ಸೇರಿಸಿದ ಆ ಬಿಗಿತ. ಆದರೆ ಮಚ್ಚೆಯ ಮಾತು ಮುಗಿಯದೆ ನೀವು ಉಳಿದದ್ದನ್ನು ಕಿವಿಗೆ ಹಾಕಿಕೊಳ್ಳಲಾರಿರಿ. ಹಾಗಾಗಿ ಮೊದಲು ಅದನ್ನೇ ನೋಡೋಣ.

'ಪ್ರೀ ಕ್ಯಾನ್ಸರ್' ಎಂದಾಗ ಹೆಚ್ಚಿನವರಿಗೆ ಕೇಳಿಸುವುದು ಎರಡನೆಯ ಶಬ್ದ ಮಾತ್ರ. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ಮಂಗಳೂರು ಬಂದೇ ಬರುತ್ತದೆ. ಬಿಳಿ ಮಚ್ಚೆಯೂ ಹಾಗೆ ಒಂದು ದಿನ ಕ್ಯಾನ್ಸರಿಗೆ ತಲುಪಿಯೇ ತಲುಪುತ್ತದೆ ಎಂಬ ಭಾವನೆ ಈ ಶಬ್ದದಿಂದಲೇ ಹುಟ್ಟಿದೆ. ಅದಕ್ಕಾಗಿಯೇ ತಜ್ಞರು 2005ರಲ್ಲಿ ಲಂಡನ್ನಿನಲ್ಲಿ ಸೇರಿ ಆ ಹೆಸರನ್ನು ಕೈಬಿಡುವಂತೆ ಸೂಚಿಸಿದರು. 'ಕ್ಯಾನ್ಸರ್ ಆಗುವ ಸಾಧ್ಯತೆ ಇರುವ ಸ್ಥಿತಿ' ಎಂಬರ್ಥದ ಹೆಸರು ಈಗ ಬಳಕೆಯಲ್ಲಿದೆ. ಬಿಳಿ ಮಚ್ಚೆ, ಅಂದರೆ ಲ್ಯೂಕೋಪ್ಲೇಕಿಯಾ, ಇರುವ ನೂರು ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಸುಮಾರು ಹತ್ತು ಮಂದಿಯಲ್ಲಿ ಅದು ಕ್ಯಾನ್ಸರ್ ಆಗಿದೆ. ಉಳಿದ ತೊಂಬತ್ತು ಮಂದಿಯಲ್ಲಿ ಆಗಿಲ್ಲ. ಕಷ್ಟವೆಂದರೆ ಆ ಹತ್ತು ಯಾರೆಂದು ಹಣೆಯಲ್ಲಿ ಬರೆದಿರುವುದಿಲ್ಲ. ನಮ್ಮ ಇಡೀ ವೃತ್ತಿ ಇರುವುದು ಆ ಹತ್ತು ಮಂದಿಯನ್ನು ಹೊತ್ತಿಗೆ ಮೊದಲೇ ಹುಡುಕುವುದರಲ್ಲಿ.

ಇನ್ನೊಂದು ಮಾತು. ಬಾಯಿಯಲ್ಲಿ ಬಿಳಿಯಾಗಿ ಕಾಣುವುದೆಲ್ಲ ಲ್ಯೂಕೋಪ್ಲೇಕಿಯಾ ಅಲ್ಲ. ಒರಟು ಬಟ್ಟೆಯಿಂದ ಉಜ್ಜಿದರೆ ಎದ್ದು ಬರುವ ಬಿಳಿ ಪದರ ಶಿಲೀಂಧ್ರದ ಸೋಂಕಿರಬಹುದು. ಎರಡೂ ಕೆನ್ನೆಗಳಲ್ಲಿ ಬಲೆ ನೇಯ್ದಂತಹ ಸಣ್ಣ ಬಿಳಿ ಗೆರೆಗಳಿದ್ದರೆ ಲೈಕನ್ ಪ್ಲೇನಸ್ ಎಂಬ ಬೇರೆಯೇ ಕಾಯಿಲೆ. ಅದು ಕ್ಯಾನ್ಸರ್ ಆಗುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಸುಣ್ಣ ಹೆಚ್ಚಾಗಿ ಸುಟ್ಟ ಜಾಗವೂ ಬೆಳ್ಳಗಾಗುತ್ತದೆ. ನಿಮ್ಮ ದವಡೆ ಹಲ್ಲು ಮುರಿದಿದೆ ಎಂದಿದ್ದೀರಿ. ಅದು ಎಡಬದಿಯದ್ದೇ ಆಗಿದ್ದರೆ ಅದರ ಚೂಪು ಅಂಚು ದಿನವಿಡೀ ಕೆನ್ನೆಗೆ ತಿಕ್ಕಿ, ಕೈಯಲ್ಲಿ ಗುದ್ದಲಿಯ ಕಾವು ಉಜ್ಜಿ ದಡ್ಡುಗಟ್ಟಿದ ಹಾಗೆ ಅಲ್ಲಿಯೂ ಚರ್ಮ ದಪ್ಪವಾಗಿರಬಹುದು. ಇಂಥಲ್ಲಿ ನಾನು ಮೊದಲು ಹಲ್ಲಿನ ಅಂಚನ್ನು ಉಜ್ಜಿ ನುಣುಪು ಮಾಡುತ್ತೇನೆ, ಕವಳ ಬಿಡಿಸುತ್ತೇನೆ, ಎರಡು ವಾರ ಬಿಟ್ಟು ಬರಹೇಳುತ್ತೇನೆ. ಮಚ್ಚೆ ಕರಗತೊಡಗಿದ್ದರೆ ಸಂತೋಷ. ಇಲ್ಲದಿದ್ದರೆ ಬಯಾಪ್ಸಿ. ಎರಡು ವಾರ ಎಂದರೆ ಎರಡು ವಾರವೇ. ಅಡಿಕೆ ಕೊಯ್ಲು ಮುಗಿಯಲಿ, ಉಪನಯನ ಮುಗಿಯಲಿ ಎಂದು ಅದನ್ನು ಎರಡು ವರ್ಷ ಮಾಡಿದವರನ್ನು ನೋಡಿದ್ದೇನೆ.

ಎರಡು ವಾರ ಕಾಯದೆ ಆ ದಿನವೇ ಬಯಾಪ್ಸಿ ಎನ್ನುವ ಸಂದರ್ಭಗಳೂ ಇವೆ. ಬಿಳಿಯ ನಡುವೆ ಕೆಂಪು ಚುಕ್ಕೆಗಳಿದ್ದರೆ, ಮೇಲ್ಮೈ ತರಿತರಿಯಾಗಿದ್ದರೆ, ಬೆರಳಿಗೆ ಗಟ್ಟಿ ಸಿಕ್ಕರೆ, ಅದು ನಾಲಿಗೆಯ ಪಕ್ಕದಲ್ಲೋ ನಾಲಿಗೆಯ ಅಡಿಯಲ್ಲೋ ಇದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ಜನ ಬಿಳಿಗೆ ಹೆದರುತ್ತಾರೆ. ನಾವು ಹೆದರುವುದು ಕೆಂಪಿಗೆ. ಮಖಮಲ್ಲಿನ ತುಂಡಿನಂತೆ ಕೆಂಪಗೆ ಹೊಳೆಯುವ, ಎರಿಥ್ರೋಪ್ಲೇಕಿಯಾ ಎಂಬ ಮಚ್ಚೆ ಅಪರೂಪ. ಆದರೆ ಅದನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹಳಷ್ಟು ಸಲ ಒಳಗೆ ಕ್ಯಾನ್ಸರ್ ಆಗಲೇ ಕುಳಿತಿರುತ್ತದೆ, ಅಥವಾ ಹೊಸ್ತಿಲಲ್ಲಿರುತ್ತದೆ. ಇದೂ ನೋಯುವುದಿಲ್ಲ. ನೋವಿಲ್ಲ ಎಂಬ ನಿಮ್ಮ ಸಮಾಧಾನವನ್ನು ಕಸಿಯಲು ನನಗೆ ಇಷ್ಟವಿಲ್ಲ, ಆದರೆ ಈ ವಿಷಯದಲ್ಲಿ ನೋವು ಬರುವುದು ತಡವಾಗಿ.

ಈಗ ನಿಮ್ಮ ಸೋದರಮಾವನ ಕತ್ತಿಯ ಮಾತು. ಇದನ್ನು ನಾನು ಬದಿಯಡ್ಕದಲ್ಲಿಯೂ ಕೇಳಿದ್ದೇನೆ, ಮಂಗಳೂರಿನ ಎಂಜಿನಿಯರುಗಳ ಬಾಯಲ್ಲಿಯೂ ಕೇಳಿದ್ದೇನೆ. ಇದು ಹುಟ್ಟಿದ್ದು ಹೇಗೆ ಎಂದು ಊಹಿಸುವುದು ಕಷ್ಟವಲ್ಲ. ಹಿಂದೆ ಜನ ವೈದ್ಯರಲ್ಲಿಗೆ ಬರುತ್ತಿದ್ದುದೇ ರೋಗ ಬಲಿತ ಮೇಲೆ. ತುಂಡು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಎಂದು ತಿಳಿದು, ಆರು ತಿಂಗಳಲ್ಲಿ ತೀರಿಕೊಂಡರೆ ಊರಿನವರ ನೆನಪಿನಲ್ಲಿ ಉಳಿಯುವುದು ಆ ಕತ್ತಿ ಒಂದೇ. ಬಾಯಿಯ ಮಚ್ಚೆಯಿಂದ ತುಣುಕು ತೆಗೆದರೆ ಕ್ಯಾನ್ಸರ್ ಹುಟ್ಟುವುದಿಲ್ಲ, ಇಲ್ಲದ್ದು ಎದ್ದು ಬರುವುದೂ ಇಲ್ಲ.

ಬಯಾಪ್ಸಿ ಎಂದರೆ ಇಷ್ಟೇ. ಹಲ್ಲು ಕೀಳುವಾಗ ಕೊಡುವಂಥದ್ದೇ ಮರಗಟ್ಟಿಸುವ ಚುಚ್ಚುಮದ್ದು. ಮಚ್ಚೆಯಲ್ಲಿ ಅತಿ ಕೆಂಪಾದ ಅಥವಾ ಅತಿ ಗಟ್ಟಿಯಾದ ಜಾಗವನ್ನು ಹುಡುಕಿ, ಉದ್ದಿನ ಕಾಳಿನಷ್ಟು ತುಣುಕು ತೆಗೆದು, ಎರಡೋ ಮೂರೋ ಹೊಲಿಗೆ ಹಾಕುತ್ತೇವೆ. ಯಾವ ಜಾಗ ಎಂಬ ಅನುಮಾನವಿದ್ದರೆ ಟೊಲ್ಯೂಡಿನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಬಾಯಿ ಮುಕ್ಕಳಿಸಲು ಹೇಳುತ್ತೇವೆ. ಬಣ್ಣ ಹಿಡಿದು ನಿಂತ ಜಾಗದಿಂದ ತುಣುಕು. ಮಚ್ಚೆ ದೊಡ್ಡದಿದ್ದರೆ ಎರಡು ಮೂರು ಕಡೆಯಿಂದ ತೆಗೆಯುವುದು ಒಳ್ಳೆಯದು. ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಕುರ್ಚಿಯಲ್ಲಿ ಕುಳಿತ ಮೇಲಲ್ಲ, ಅದಕ್ಕೆ ಮೊದಲೇ ಹೇಳಿ.

ವರದಿಯಲ್ಲಿ ನೀವು ಹುಡುಕಬೇಕಾದ ಶಬ್ದ ಡಿಸ್‌ಪ್ಲಾಸಿಯಾ. ಜೀವಕೋಶಗಳು ತಮ್ಮ ಸಾಲು, ಗಾತ್ರ, ಶಿಸ್ತು ತಪ್ಪತೊಡಗಿವೆ ಎಂದರ್ಥ. ಸೌಮ್ಯ, ಮಧ್ಯಮ, ತೀವ್ರ ಎಂದು ಮೂರು ಮಟ್ಟ ಹೇಳುತ್ತಾರೆ. ತುಣುಕಿನ ತೆಳು ಪದರ ಅಂಟಿಸಿದ ಒಂದೇ ಗಾಜಿನ ಪಟ್ಟಿಯನ್ನು (ಸ್ಲೈಡ್) ನೋಡಿ ಒಬ್ಬರು ಸೌಮ್ಯ ಎಂದದ್ದನ್ನು ಇನ್ನೊಬ್ಬರು ಮಧ್ಯಮ ಎನ್ನುವುದುಂಟು. ಇದರಲ್ಲಿ ಮೋಸವಿಲ್ಲ, ಮನುಷ್ಯರ ಕಣ್ಣಿನ ಮಿತಿ ಅದು. ಸಂಶಯವಿದ್ದರೆ ಅದೇ ಪಟ್ಟಿಯನ್ನು ಮತ್ತೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸುವ ಹಕ್ಕು ನಿಮಗಿದೆ. ಗಾಜಿನ ಪಟ್ಟಿಯನ್ನೂ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿಯನ್ನೂ ಕೇಳಿ ಪಡೆಯಿರಿ. ಇಲ್ಲಿ ಪರೀಕ್ಷೆ ಮಾಡಿಸಿ ಮುಂದಕ್ಕೆ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗಬೇಕಾಗಿ ಬಂದರೆ ಮತ್ತೊಮ್ಮೆ ತುಣುಕು ತೆಗೆಸುವ ಕಷ್ಟ ತಪ್ಪೀತು.

ವರದಿ ಬಂದ ಮೇಲೆ ಮಗಳ ಲೇಸರ್ ಪ್ರಶ್ನೆ. ಡಿಸ್‌ಪ್ಲಾಸಿಯಾ ಇಲ್ಲ ಅಥವಾ ಸೌಮ್ಯ, ಮಚ್ಚೆ ನುಣ್ಣಗೆ ಒಂದೇ ಸಮನಾಗಿದೆ ಎಂದಾದರೆ ನಾನು ಸಾಮಾನ್ಯವಾಗಿ ಕತ್ತರಿಸಲು ಅವಸರ ಮಾಡುವುದಿಲ್ಲ. ಅಭ್ಯಾಸ ಬಿಡಿಸುತ್ತೇನೆ, ಫೋಟೊ ತೆಗೆದಿಡುತ್ತೇನೆ, ಆರು ತಿಂಗಳಿಗೊಮ್ಮೆ ನೋಡುತ್ತೇನೆ. ಮಧ್ಯಮ, ತೀವ್ರ ಎಂದಾದರೆ ತೆಗೆಸುವುದೇ ಮೇಲು, ಮೂರು ತಿಂಗಳಿಗೊಮ್ಮೆ ತಪಾಸಣೆ. ತೆಗೆಯಲು ಕತ್ತಿಯಾದೀತು, ಲೇಸರ್ ಆದೀತು. ಲೇಸರಿನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಗಾಯ ಹೆಚ್ಚು ಎಳೆದುಕೊಳ್ಳುವುದಿಲ್ಲ. ಆದರೆ ಲೇಸರಿನಿಂದ ಕತ್ತರಿಸಿ ತೆಗೆಯುವುದು ಬೇರೆ, ಸುಟ್ಟು ಆವಿ ಮಾಡುವುದು ಬೇರೆ. ಸುಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಬಯಾಪ್ಸಿಯ ಉದ್ದಿನ ಕಾಳಿನಲ್ಲಿ ಕಾಣದ ಕ್ಯಾನ್ಸರ್, ಇಡೀ ಮಚ್ಚೆಯನ್ನು ತೆಗೆದು ನೋಡಿದಾಗ ಮೂಲೆಯಲ್ಲಿ ಸಿಕ್ಕಿದ್ದುಂಟು. ಹಾಗಾಗಿ 'ಸುಡಿಸಿಬಿಡಿ' ಎಂಬುದು ಬೇಡ. ತೆಗೆಸುವುದಾದರೆ ತೆಗೆದದ್ದು ಪ್ರಯೋಗಾಲಯಕ್ಕೆ ಹೋಗುವಂತೆ ತೆಗೆಸಿ.

ಮತ್ತೂ ಒಂದು ಸಂಗತಿ, ಹೆಚ್ಚಿನ ವೈದ್ಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಚ್ಚೆ ತೆಗೆಸಿದರೆ ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಅದೇ ಜಾಗದಲ್ಲಿ ಮತ್ತೆ ಬರಬಹುದು, ಎದುರು ಕೆನ್ನೆಯಲ್ಲಿ ಹೊಸದು ಏಳಬಹುದು. ಕೊಳೆರೋಗ ಬಂದ ತೋಟದಲ್ಲಿ ಒಂದು ಮರದ ಗೊನೆ ಕೊಯ್ದು ಎಸೆದರೆ ರೋಗ ಹೋಯಿತೇ? ಮೂವತ್ತು ವರ್ಷ ಕವಳದ ರಸ ಹರಿದದ್ದು ಮಚ್ಚೆಯ ಮೇಲೆ ಮಾತ್ರವಲ್ಲ, ಇಡೀ ಬಾಯಿಯ ಮೇಲೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬರು ದೂರದ ನಗರದಲ್ಲಿ ಮಚ್ಚೆ ತೆಗೆಸಿಕೊಂಡು, 'ಎಲ್ಲ ಕ್ಲೀನ್' ಎಂದು ಪೇಟೆಯಲ್ಲಿ ಸಿಹಿ ಹಂಚಿ, ಸಂಜೆಗೆ ಮತ್ತೆ ಕವಳದ ಹರಿವಾಣ ಎಳೆದುಕೊಂಡರು. ಮೂರು ವರ್ಷದ ಮೇಲೆ ಬಂದದ್ದು ನಾಲಿಗೆಯ ಹುಣ್ಣಿನೊಂದಿಗೆ. ಅದೇ ಹೊತ್ತಿಗೆ, ಏನನ್ನೂ ತೆಗೆಸದೆ ಕವಳ ಮಾತ್ರ ಬಿಟ್ಟ ಕುಂಬಳೆಯ ಒಬ್ಬ ಅಜ್ಜಿಯ ಮಚ್ಚೆ ನಾಲ್ಕು ತಿಂಗಳಲ್ಲಿ ಮಸುಕಾಗಿ, ಈಗ ಹುಡುಕಿದರೂ ಸಿಗುವುದಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಕತ್ತಿಯೋ ಲೇಸರೋ ಎಂಬುದು ಎರಡನೆಯ ಪ್ರಶ್ನೆ ಎಂಬುದಕ್ಕೆ ಇವೆರಡನ್ನೂ ಹೇಳಿದೆ.

ಮಾತ್ರೆ? ವಿಟಮಿನ್ ಎ ಜಾತಿಯ ಔಷಧಗಳು, ಬೀಟಾ ಕ್ಯಾರೊಟಿನ್, ಟೊಮೆಟೊದ ಕೆಂಪು ಬಣ್ಣದಿಂದ ತೆಗೆದ ಲೈಕೋಪೀನ್, ಇವುಗಳಿಂದ ಕೆಲವರ ಮಚ್ಚೆ ಕುಗ್ಗುತ್ತದೆ. ನಿಲ್ಲಿಸಿದರೆ ಬಹಳಷ್ಟು ಸಲ ಮರಳುತ್ತದೆ. ಕಾಕ್ರೇನ್ ಸಂಸ್ಥೆ 2016ರಲ್ಲಿ ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಮುಂದೆ ಕ್ಯಾನ್ಸರ್ ಬರುವುದನ್ನು ಇಂಥದ್ದು ತಡೆಯುತ್ತದೆ ಎಂದು ಯಾವ ಔಷಧದ ಬಗ್ಗೆಯೂ ಹೇಳಲಾಗಲಿಲ್ಲ. ತಿಂಗಳಿಗೆ ಸಾವಿರಗಟ್ಟಲೆ ರೂಪಾಯಿಯ ಡಬ್ಬಿ ಕೊಳ್ಳುವ ಮೊದಲು ಇದು ನೆನಪಿರಲಿ.

ಇನ್ನು 'ನಮ್ಮ ತೋಟದ ಅಡಿಕೆ'. ನಾನು ಮುಳ್ಳೇರಿಯ ಕಡೆಯವಳು. ನನ್ನ ಓದಿನ ಫೀಸು ಬಂದದ್ದು ಅಂಗಳದಲ್ಲಿ ಒಣಗಿದ ಚಾಲಿ ಅಡಿಕೆಯಿಂದ. ಆದ್ದರಿಂದ ಈ ವಾಕ್ಯ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಹೊಗೆಸೊಪ್ಪು ಬಿಟ್ಟದ್ದು ದೊಡ್ಡ ಕೆಲಸ, ಅದಕ್ಕೆ ನಿಮ್ಮನ್ನು ಮೆಚ್ಚಲೇಬೇಕು. ಆದರೆ ಅರ್ಧ ದಾರಿಯಲ್ಲಿ ನಿಂತಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಊರಿನಲ್ಲಿ ಇದರ ಬಗ್ಗೆ ಸಿಟ್ಟಿದೆ. ಪಾನ್ ಮಸಾಲೆಯ ರಾಸಾಯನಿಕಗಳ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ ಎಂಬ ವಾದವಿದೆ. ಮೊದಲ ಗುಂಪು ಎಂದರೆ ಸಾಕ್ಷ್ಯ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ಮದುವೆ ಮನೆಯಲ್ಲಿ ಒಮ್ಮೆ ಅಗಿದವನಿಗೆ ಕ್ಯಾನ್ಸರ್ ಖಚಿತ ಎಂದಲ್ಲ. ಎಷ್ಟು ಸಲ, ಎಷ್ಟು ವರ್ಷ, ಎಷ್ಟು ಹೊತ್ತು ಕೆನ್ನೆಯಲ್ಲಿ ಒತ್ತಿ ಇಟ್ಟುಕೊಳ್ಳುತ್ತೀರಿ ಎಂಬುದೇ ಲೆಕ್ಕ. ಆ ಲೆಕ್ಕದಲ್ಲಿ ದಿನಕ್ಕೆ ಹತ್ತು, ಮೂವತ್ತು ವರ್ಷ ಎಂಬುದು ಸಣ್ಣದಲ್ಲ. ವೀಳ್ಯದೆಲೆಯ ಮೇಲೆ ನನ್ನ ದೂರಿಲ್ಲ.

ಅಡಿಕೆಯ ಕಥೆಯೇ ನಿಮ್ಮ 'ಅಂದ ಹಾಗೆ'ಯ ಕಥೆ. ಖಾರಕ್ಕೆ ಉರಿ, ಬಾಯಿ ತೆರೆಯಲು ಬಿಗಿ, ಕವಳದ ಅಭ್ಯಾಸ: ಈ ಮೂರೂ ಒಟ್ಟಿಗೆ ಕಂಡರೆ ನಮ್ಮ ತಲೆಗೆ ಮೊದಲು ಬರುವುದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಪಿತ್ತಕ್ಕೂ ವಾಯುವಿಗೂ ಇದರಲ್ಲಿ ಪಾಲಿಲ್ಲ. ಅಡಿಕೆಯ ಅರಿಕೊಲೀನ್ ಎಂಬ ಅಂಶ ಕೆನ್ನೆಯ ಒಳಪದರದ ಕೆಳಗಿರುವ ಕೋಶಗಳನ್ನು ಪ್ರಚೋದಿಸಿ ನಾರು ಹೆಚ್ಚು ಹೆಚ್ಚು ನೇಯುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರಿನ ಎಳೆಗಳನ್ನು ಒಂದಕ್ಕೊಂದು ಹೊಸೆದು ಗಟ್ಟಿಮಾಡುವ ಕಿಣ್ವಕ್ಕೆ ಬಲ ಕೊಡುತ್ತದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಹಳೆಯ ನಾರು ಕರಗದಂತೆ ನೋಡಿಕೊಳ್ಳುತ್ತದೆ. ನೇಯುವವರು ಹೆಚ್ಚಾಗಿ, ಬಿಚ್ಚುವವರು ಇಲ್ಲವಾದರೆ ಏನಾದೀತು? ಮೆತ್ತಗಿದ್ದ ಕೆನ್ನೆ ಬಿಳಿಚಿ ಅಮೃತಶಿಲೆಯ ಬಣ್ಣಕ್ಕೆ ತಿರುಗುತ್ತದೆ. ಬೆರಳಾಡಿಸಿದರೆ ಕತ್ತದ ಹಗ್ಗದಂತಹ ಪಟ್ಟಿಗಳು ಮೇಲಿನಿಂದ ಕೆಳಗೆ ಸಿಗುತ್ತವೆ. ನಾಲಿಗೆ ಹೊರಚಾಚಲು ಕಷ್ಟ, ಕಿರುನಾಲಿಗೆ ಕುಗ್ಗುತ್ತದೆ, ಕೆನ್ನೆ ಉಬ್ಬಿಸಿ ಶಂಖ ಊದಲು ಬರುವುದಿಲ್ಲ. ಮೆದು ಅಂಗುಳು ಬಿಗಿದರೆ ಸ್ವರವೇ ಬದಲಾಗುತ್ತದೆ. ಅರ್ಥಧಾರಿಯಾದ ನಿಮಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಇದು ಕ್ಯಾನ್ಸರ್ ಆಗುವ ಪ್ರಮಾಣವನ್ನು ಚೆನ್ನಾಗಿ ದಾಖಲಿಸಿದ ಅಧ್ಯಯನ ನಮ್ಮ ಕೇರಳದ್ದೇ. ಎರ್ನಾಕುಳಂ ಜಿಲ್ಲೆಯಲ್ಲಿ 66 ಮಂದಿಯನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದರು. ಐವರಿಗೆ, ಅಂದರೆ ಶೇಕಡಾ 7.6ರಷ್ಟು ಜನರಿಗೆ ಕ್ಯಾನ್ಸರ್ ಬಂದಿತ್ತು. ನಿಮ್ಮಲ್ಲಿ ಬಿಳಿ ಮಚ್ಚೆ, ಬಿಗಿತ ಎರಡೂ ಒಟ್ಟಿಗೆ ಇರುವಂತೆ ತೋರುತ್ತದೆ. ಅದಕ್ಕಾಗಿಯೇ ಬಯಾಪ್ಸಿ ಮುಂದೂಡಬೇಡಿ ಎನ್ನುತ್ತಿರುವುದು.

ಕನ್ನಡಿಯ ಮುಂದೆ ನಿಂತು ಒಂದು ಕೆಲಸ ಮಾಡಿ. ನಿಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಸೇರಿಸಿ, ಒಂದರ ಮೇಲೊಂದು ಇರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಮೂರೂ ಹೋದರೆ ಸರಿ. ಎರಡಕ್ಕೇ ನಿಂತರೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಿಂದ ಹಲ್ಲಿನ ತುದಿಯಿಂದ ತುದಿಗೆ ಎಷ್ಟು ಮಿಲಿಮೀಟರ್ ಎಂದು ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ವೈದ್ಯರಿಗೆ ನಿಮ್ಮ ಹತ್ತು ವಾಕ್ಯಕ್ಕಿಂತ ಆ ಒಂದು ಅಂಕಿ ಹೆಚ್ಚು ಹೇಳುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಒಮ್ಮೆ ನೇಯ್ದ ನಾರು ಅಡಿಕೆ ಬಿಟ್ಟರೂ ತಾನಾಗಿ ಕರಗುವುದಿಲ್ಲ. ಬಿಟ್ಟರೆ ಉರಿ ಕಡಿಮೆಯಾಗುತ್ತದೆ, ಬಿಗಿತ ಮುಂದುವರಿಯುವುದು ನಿಲ್ಲುವ ಸಾಧ್ಯತೆ ಇದೆ. ಕೆನ್ನೆಗೆ ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಹಲವು ವಾರ ಕೊಡುತ್ತೇವೆ. ಕೆಲವರಿಗೆ ಕೆಲವು ಮಿಲಿಮೀಟರ್ ದಕ್ಕುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಸೂಜಿ ಪದೇಪದೇ ತೂರಿದ ಜಾಗ ತಾನೇ ಬಿಗಿಯುವ ಅಪಾಯವೂ ಇದೆ. ಬಾಯಿ ತೀರ ಮುಚ್ಚಿ ಹೋದವರಿಗೆ ಪಟ್ಟಿಗಳನ್ನು ಕತ್ತರಿಸಿ ಕೆನ್ನೆಯ ಕೊಬ್ಬನ್ನೋ ಬೇರೆ ಕಡೆಯ ಚರ್ಮವನ್ನೋ ಹೊದಿಸುವ ಶಸ್ತ್ರಚಿಕಿತ್ಸೆ ಇದೆ. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡದಿದ್ದರೆ ಅದೂ ಮತ್ತೆ ಮುಚ್ಚಿಕೊಳ್ಳುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ಐಸ್‌ಕ್ರೀಮ್ ಕಡ್ಡಿ. ಒಂದರ ಮೇಲೊಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟನ್ನು ದವಡೆ ಹಲ್ಲುಗಳ ನಡುವೆ ಕಚ್ಚಿ ಹಿಡಿಯುವುದು, ದಿನಕ್ಕೆ ನಾಲ್ಕೈದು ಸಲ. ಸಲೀಸಾದ ಮೇಲೆ ಇನ್ನೊಂದು ಕಡ್ಡಿ. ಒಬ್ಬ ಬಸ್ ಚಾಲಕರು ಹನ್ನೊಂದು ಕಡ್ಡಿಯಲ್ಲಿ ಶುರುಮಾಡಿ ಏಳು ತಿಂಗಳಲ್ಲಿ ಹದಿನಾರಕ್ಕೆ ಏರಿದರು. ಕಟ್ಟನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಬರುತ್ತಿದ್ದರು, ಮೊದಲು ಅಲ್ಲಿ ಕವಳದ ಡಬ್ಬಿ ಇರುತ್ತಿತ್ತಂತೆ. ನೀವು ಇದನ್ನು ವೈದ್ಯರು ಮಚ್ಚೆಯನ್ನು ನೋಡಿದ ಮೇಲೆ ಶುರುಮಾಡಿ, ಮುರಿದ ಹಲ್ಲಿನ ಬದಿಯಲ್ಲಿ ಬೇಡ.

ಕವಳ ಬಿಡುವುದು ಮಾತಿನಷ್ಟು ಸುಲಭವಲ್ಲ ಎಂದು ಗೊತ್ತಿದೆ. ಅರಿಕೊಲೀನ್ ಮಿದುಳಿನಲ್ಲಿ ನಿಕೋಟಿನ್ ಮುಟ್ಟುವ ಕೆಲವು ತಾಣಗಳನ್ನೇ ಮುಟ್ಟುತ್ತದೆ. ಬಿಟ್ಟ ಮೊದಲ ವಾರ ತಲೆಭಾರ, ಸಿಡಿಮಿಡಿ, ಊಟ ಮುಗಿದಂತೆಯೇ ಅನ್ನಿಸದಿರುವುದು ಎಲ್ಲ ಇರುತ್ತದೆ. ದಿನಕ್ಕೆ ಎರಡು ಮಾತ್ರ ಎಂಬ ಒಪ್ಪಂದ ಹೆಚ್ಚಿನವರಲ್ಲಿ ತಿಂಗಳೊಳಗೆ ಮುರಿಯುತ್ತದೆ. ಪೂರ್ತಿ ಬಿಟ್ಟವರೇ ಉಳಿದದ್ದು. ಊಟದ ಮೇಲೆ ಬಾಯಿಗೆ ಸೋಂಪೋ ಜೀರಿಗೆಯೋ ಇರಲಿ. ಹರಿವಾಣವನ್ನು ಕಣ್ಣೆದುರಿನ ಜಗಲಿಯಿಂದ ಒಳಗೆ ಕಳಿಸಿ, ಬಂದ ನೆಂಟರು ಕೇಳಿದರೆ ಒಳಗಿಂದ ತಂದು ಕೊಡಲಿ. ಪೂಜೆಯ ತಾಂಬೂಲ ತೆಗೆದುಕೊಳ್ಳಿ, ಹಿರಿಯರಿಗೆ ಕೊಟ್ಟು ನಮಸ್ಕರಿಸಿ. ಅಗಿಯಲೇಬೇಕೆಂದು ಯಾವ ಪುರೋಹಿತರೂ ಹೇಳಿಲ್ಲ.

ತಪಾಸಣೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕಣ್ಣಿನಿಂದಲೇ ಬಾಯಿ ನೋಡಿದ ದೊಡ್ಡ ಪ್ರಯೋಗ 1996ರಲ್ಲಿ ಆರಂಭವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದದ್ದು 2005ರ ಫಲಿತಾಂಶದಲ್ಲಿ ಕಂಡಿತು. ಅಷ್ಟಕ್ಕೆ ಸಾಕಾದದ್ದು ಬೆಳಕು ಮತ್ತು ಪಳಗಿದ ಕಣ್ಣು. ನಿಮ್ಮ ದಂತವೈದ್ಯರು ಹಲ್ಲಿಗೆಂದು ಹೋದವರ ಕೆನ್ನೆಯನ್ನೂ ನೋಡಿದರಲ್ಲ, ಅವರನ್ನು ಬಿಡಬೇಡಿ. ಮನೆಯಲ್ಲಿ ತಿಂಗಳಿಗೊಮ್ಮೆ ಮಗಳ ಕೈಯಲ್ಲಿ ಮೊಬೈಲ್ ಕೊಟ್ಟು ಬಿಸಿಲಿನಲ್ಲಿ ನಿಂತು ಎರಡೂ ಕೆನ್ನೆ, ನಾಲಿಗೆಯ ಎರಡೂ ಪಕ್ಕದ ಫೋಟೊ ತೆಗೆಸಿ. ಮೂರು ವಾರಕ್ಕೂ ಒಣಗದ ಹುಣ್ಣು, ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಜೋಮು, ಕುತ್ತಿಗೆಯಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಹೋಗಿ.

ಬಯಾಪ್ಸಿ ಆದರೆ ಕೂಟಕ್ಕೆ ಹೋಗಬಹುದೇ ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಶನಿವಾರ ಕೂಟವಿದ್ದರೆ ಸೋಮವಾರವೇ ಮಾಡಿಸಿಕೊಳ್ಳಿ. ಮೂರು ದಿನ ಗಂಜಿ, ಮೊಸರು, ಮೆತ್ತಗಿನ ಮಾತು. ಶನಿವಾರಕ್ಕೆ ಹೊಲಿಗೆ ಇನ್ನೂ ಇರುತ್ತದೆ, ಕರ್ಣ ಪರ್ವ ಇಟ್ಟಿದ್ದರೆ ಈ ಸಲ ಶಲ್ಯನನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಹತ್ತು ಮಾತಿನಲ್ಲಿ ಮುಗಿಯುವ ಪಾತ್ರ ಯಾವುದಾದರೂ ಇದೆಯೇ ಎಂದು ಭಾಗವತರನ್ನು ಕೇಳಿ.